ಬೈಲಹೊಂಗಲದ ಪಡಸಾಲೆಯಲ್ಲಿ ಕಡಲ ಪಾಚಿ

ಇದು ಆಗುವ ಮಾತಲ್ಲ ಎಂದು ಮನೆಯಲ್ಲಿ ಮೊದಲು ಹೇಳಿದವರು ನನ್ನ ಅತ್ತೆ. ಹಿತ್ತಲಿನಲ್ಲಿ ದನಕ್ಕೆ ನೀರು ತುಂಬುವ ಕಲ್ಲಿನ ದೋಣಿಯೊಳಗೆ ಅರ್ಧ ಮೈ ಬಗ್ಗಿಸಿ, ತೆಂಗಿನ ನಾರು ಹಿಡಿದು, ಗೋಡೆಗಂಟಿದ ಪಾಚಿ ತಿಕ್ಕುತ್ತಿದ್ದರು. ನಾನು ಕಾಲೇಜಿನಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಸುದ್ದಿ ಹೇಳಿದೆ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಮುದ್ರದ ಪಾಚಿ ಬೆಳೆಸಬೇಕು, ಮನೆಯಲ್ಲೇ, ಗಾಜಿನ ತೊಟ್ಟಿಯಲ್ಲಿ. ಅತ್ತೆ ತಲೆ ಎತ್ತಿದರು.

"ಈ ಮನಿಗೆ ಬಂದಾಗಿಂದ ಹಾವಸಿ ತಿಕ್ಕಿ ತಿಕ್ಕಿ ನನ್ನ ಉಗುರ ಸವದಾವು. ನೀ ಅದನ್ನ ಬೆಳಸಾಕ ಹೊಂಟೀಯೇನ? ಬ್ಯಾಡ ಅಂದ್ರ ಬೆಳೀತೈತದು, ಬೆಳಸ್ತೇನಿ ಅಂದ್ರ ಬೆಳಿಯೂದಿಲ್ಲ. ನೋಡಾಕಿಯಂತ."

ನಮ್ಮ ಕಡೆ ಪಾಚಿಗೆ ಹಾವಸಿ ಎನ್ನುತ್ತಾರೆ. ಅದು ತೆಗೆದು ಬಿಸಾಡುವ ವಸ್ತು, ಬೆಳೆಸುವ ವಸ್ತುವಲ್ಲ. ಅತ್ತೆಯ ಮಾತಿಗೆ ಆಗ ನನಗೆ ಸಿಟ್ಟು ಬಂತು. ಅದು ಎಷ್ಟು ಖರೆ ಎಂದು ತಿಳಿಯಲು ಆ ವರ್ಷವೆಲ್ಲ ಬೇಕಾಯಿತು.

ಕಾಲೇಜಿನಲ್ಲಿ ಅದಕ್ಕೂ ಮೊದಲೇ ಹೇಳಿದ್ದವರು ನಮ್ಮ ಸಸ್ಯಶಾಸ್ತ್ರದ ಸರ್. ಅವರು ಓದಿದ್ದು ಕರಾವಳಿಯಲ್ಲಿ. ಪ್ರಾಜೆಕ್ಟಿನ ವಿಷಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಹಳೆಯ ರೂಢಿಯಿಂದ ಕಡಲ ಪಾಚಿಯನ್ನೂ ಬರೆದುಬಿಟ್ಟರು. ಬರೆದವರೇ ನಕ್ಕು, ಸಮುದ್ರ ಎಲ್ಲಿ ಬೈಲಹೊಂಗಲ ಎಲ್ಲಿ, ಇಲ್ಲಿ ಆಗೂದಿಲ್ಲ ಬಿಡ್ರಿ ಎಂದು ಒರೆಸಲು ಕೈ ಎತ್ತಿದರು. ಅಷ್ಟರಲ್ಲಿ ಕಬ್ಬಿನ ರೋಗ, ಹತ್ತಿ, ಕಾಂಗ್ರೆಸ್ ಕಸ ಎಲ್ಲವನ್ನೂ ಮುಂದಿನ ಬೆಂಚಿನವರು ಹಂಚಿಕೊಂಡಾಗಿತ್ತು. ನಾನು ಎದ್ದು ನಿಂತು, ಒರೆಸಬ್ಯಾಡ್ರಿ ಸರ್, ನಾ ಮಾಡ್ತೇನಿ ಎಂದೆ. ಇಡೀ ತರಗತಿ ಹಿಂದೆ ತಿರುಗಿತು.

ನನ್ನ ಧೈರ್ಯಕ್ಕೆ ಒಂದು ಆಧಾರವಿತ್ತು. ನಮ್ಮ ಮನೆಯವರು ಲಾರಿ ಚಾಲಕರು. ಎಂ.ಕೆ. ಹುಬ್ಬಳ್ಳಿಯಿಂದ ಸಕ್ಕರೆ ಹೇರಿಕೊಂಡು, ಕಿತ್ತೂರು ದಾಟಿ, ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಿದ್ದರು. ಬರುವಾಗ ಎಷ್ಟೋ ಸಲ ಲಾರಿ ಖಾಲಿ ಬರುತ್ತಿತ್ತು. ಖಾಲಿ ಲಾರಿಯಲ್ಲಿ ನಾಲ್ಕು ಕ್ಯಾನು ಸಮುದ್ರದ ನೀರು ತರುವುದು ದೊಡ್ಡ ಮಾತೇ ಎಂದುಕೊಂಡೆ.

ನಾನು ಸಿರಸಂಗಿಯ ಹತ್ತಿರದ ಹಳ್ಳಿಯವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗಂಡಸರೂ ಹತ್ತಿರಲಿಲ್ಲ. ಹತ್ತನೆಯ ತರಗತಿಯ ತನಕ ವಿಜ್ಞಾನವನ್ನು ಕನ್ನಡದಲ್ಲಿ ಓದಿದೆ. ಆಮೇಲೆ ಇಂಗ್ಲಿಷು ಒಮ್ಮೆಲೇ ತಲೆಯ ಮೇಲೆ ಬಿತ್ತು. ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದವಳಿಗೆ, ಸರ್ ಹೇಳುವ ಫೋಟೋಸಿಂಥೆಸಿಸ್ ಅದೇ ಎಂದು ತಿಳಿಯುವಷ್ಟರಲ್ಲಿ ಒಂದು ಪರೀಕ್ಷೆ ಮುಗಿದುಹೋಗಿತ್ತು. ಅರ್ಥವಾಗದ್ದನ್ನು ಎದ್ದು ಕೇಳುವ ರೂಢಿ ನಮಗಿರಲಿಲ್ಲ. ಗೊತ್ತಿರುವ ಪದವೊಂದು ಸಿಕ್ಕರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದೆವು.

ಪಿಯುಸಿ ಮುಗಿದ ಮೇಲೆ ಮದುವೆ. ಮಾತುಕತೆಯಲ್ಲಿ ಅಪ್ಪ ಕೇಳಿದ್ದು ಒಂದೇ, ಹುಡುಗಿ ಡಿಗ್ರಿ ಮುಗಿಸಲಿ. ಅತ್ತೆ ಒಪ್ಪಿದರು, ತಮ್ಮದೊಂದು ಮಾತು ಸೇರಿಸಿ. ಪಾಸಾಗುತ್ತ ಹೋದರೆ ಓದಲಿ, ಒಮ್ಮೆ ನಪಾಸಾದರೆ ಪುಸ್ತಕ ಕಟ್ಟಿ ಅಟ್ಟಕ್ಕೆ. ಮತ್ತೆ ಫೀ ಕಟ್ಟುವುದು, ಮರುವರ್ಷ ಪರೀಕ್ಷೆಗೆ ಕೂರುವುದು ಇಲ್ಲ. ಅವರು ಕೆಟ್ಟವರಲ್ಲ, ಆಡಿದ ಮಾತಿಗೆ ಗಟ್ಟಿ. ಎರಡು ವರ್ಷ ಹೇಗೋ ದಾಟಿದ್ದೆ. ಈ ಪ್ರಾಜೆಕ್ಟಿನ ಅಂಕ ಪ್ರಾಯೋಗಿಕ ಪರೀಕ್ಷೆಗೆ ಸೇರುತ್ತಿತ್ತು. ಪರೀಕ್ಷಕರ ಮುಂದೆ ಜೀವಂತ ಪಾಚಿ ತೋರಿಸದಿದ್ದರೆ ಪ್ರಾಯೋಗಿಕದಲ್ಲಿ ನಪಾಸು. ಅದರಲ್ಲಿ ನಪಾಸಾದರೆ ಡಿಗ್ರಿ ಇಲ್ಲ.

ಪೇಟೆಯಲ್ಲಿ ಫೋಟೋಕ್ಕೆ ಗಾಜು ಹಾಕುವವರ ಅಂಗಡಿಯಲ್ಲಿ ತೊಟ್ಟಿ ಮಾಡಿಸಿ ಪಡಸಾಲೆಯ ಕಿಟಕಿಯ ಬದಿಗೆ ಇಟ್ಟೆ. ಗಾಳಿ ಊದುವ ಸಣ್ಣ ಯಂತ್ರವನ್ನು ಸರ್ ಲ್ಯಾಬಿನಿಂದ ಕೊಟ್ಟರು. ನಮ್ಮ ಮನೆಯವರು ಕ್ಯಾನುಗಳಲ್ಲಿ ನೀರು ತಂದರು. ಬಕೆಟ್ಟಿನಲ್ಲಿ ಒಂದು ಕಲ್ಲು, ಕಲ್ಲಿಗಂಟಿದ ಪಾಚಿ. ಪಾಲಕದ ಎಳೆ ಎಲೆಯಂತೆ ತೆಳ್ಳಗೆ, ಹಸಿರಾಗಿ, ಬೆಳಕಿಗೆ ಹಿಡಿದರೆ ಬೆರಳು ಕಾಣುವಂತಿತ್ತು. ಕಲ್ಲಿನ ಸಂದಿಯಲ್ಲಿ ನಾಲ್ಕಾರು ಶಂಖದ ಹುಳುಗಳು. ಸರ್ ಹೇಳಿಕೊಟ್ಟ ಪಾಠ ಸಣ್ಣದು. ಬೆಳಕು ಕೊಡು, ಆದರೆ ಮಧ್ಯಾಹ್ನದ ಬಿಸಿಲು ಬೇಡ. ಗಾಳಿ ನಿಲ್ಲಬಾರದು. ಬೇಡದ ಪಾಚಿ ಬಂದರೆ ಕೈಯಿಂದ ತೆಗೆ, ಉಳಿದದ್ದನ್ನು ಹುಳು ಮೇಯುತ್ತದೆ. ನೀರು ಆರಿ ಕಡಿಮೆಯಾದರೆ ಅಷ್ಟಕ್ಕಷ್ಟೇ ಫ್ರೆಶ್ ವಾಟರ್ ಹಾಕು.

ಫ್ರೆಶ್ ನನಗೆ ಗೊತ್ತಿದ್ದ ಪದ. ಫ್ರೆಶ್ ಹಾಲು, ಫ್ರೆಶ್ ಹೂವು. ಫ್ರೆಶ್ ಎಂದರೆ ತಾಜಾ.

ನಮ್ಮ ಮನೆಯಲ್ಲಿ ಎರಡು ನೀರು. ಒಂದು ನಳದ ಸಿಹಿನೀರು. ಅದು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಬಂದಾಗ ತುಂಬಿಟ್ಟ ಕೊಡಗಳಲ್ಲಿ ದಿನಗಟ್ಟಲೆ ನಿಂತಿರುತ್ತಿತ್ತು. ಇನ್ನೊಂದು ಹಿತ್ತಲ ಬಾವಿಯ ಸವಳು ನೀರು. ಬಾಯಿಗಿಟ್ಟರೆ ಉಪ್ಪುಪ್ಪು, ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಬಟ್ಟೆಗೆ, ಬಚ್ಚಲಿಗೆ, ದನಕ್ಕೆ ಅದೇ. ಈ ಎರಡರಲ್ಲಿ ತಾಜಾ ಯಾವುದು? ಈಗ ಸೇದಿದ್ದೇ ತಾಜಾ. ಅದೂ ಅಲ್ಲದೆ ಸಮುದ್ರದ್ದು ಉಪ್ಪುನೀರು, ಬಾವಿಯದ್ದೂ ಉಪ್ಪುನೀರು, ಜಾತಿಗೆ ಜಾತಿ ಕೂಡಿತು ಎಂದು ಒಳಗೊಳಗೇ ಸಮಾಧಾನಪಟ್ಟೆ. ದಿನಾ ಮುಂಜಾನೆ ಮುಖ ತೊಳೆದವಳೇ ಹಗ್ಗ ಬಿಟ್ಟು ಒಂದು ಕೊಡ ಜಗ್ಗುವುದು, ನಿಲ್ಲಲು ಬಿಡದೆ ತಂದು, ಆರಿದಷ್ಟನ್ನು ತೊಟ್ಟಿಗೆ ಹೊಯ್ಯುವುದು. ಇಷ್ಟು ತಾಜಾ ನೀರನ್ನು ಆ ಊರಿನಲ್ಲಿ ಯಾರೂ ಯಾವುದಕ್ಕೂ ಹಾಕಿರಲಿಕ್ಕಿಲ್ಲ.

ಎಲೆಯ ಅಂಚು ಮೊದಲು ಬಿಳಿಯಾಯಿತು. ಆಮೇಲೆ ನಡುವೆ ತೂತು. ಗಾಜಿನ ಮೇಲೆ ಕಂದು ಬಣ್ಣದ ಲೋಳೆ ಕೂತಿತು. ಒರೆಸಿದೆ, ಮರುದಿನ ಮತ್ತೆ ಕೂತಿತು. ಕಲ್ಲಿನ ಮೇಲೂ ಹಬ್ಬಿತು, ಗಾಳಿಯ ನಳಿಕೆಯ ಮೇಲೂ ಹಬ್ಬಿತು. ಹಸಿರು ಅದರ ಕೆಳಗೆ ಉಸಿರುಗಟ್ಟಿ ಕರಗಿಹೋಯಿತು. ಹುಳುಗಳು ಗಾಜು ಬಿಟ್ಟು ಕೆಳಗೆ ಬಿದ್ದವು, ಮತ್ತೆ ಏಳಲಿಲ್ಲ.

ಬಿಸಿಲು ಹೆಚ್ಚಾಯಿತೆಂದು ಕಿಟಕಿಗೆ ಹಳೆಯ ಸೀರೆ ಕಟ್ಟಿದೆ. ಕಡಿಮೆಯಾಯಿತೆಂದು ಬಿಚ್ಚಿದೆ. ಕರೆಂಟು ಹೋದಾಗಲೆಲ್ಲ ಗಾಳಿಯ ಯಂತ್ರ ನಿಲ್ಲುತ್ತಿತ್ತು. ಕರೆಂಟು ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಆಗ ಪುಸ್ತಕ ಪಕ್ಕಕ್ಕಿಟ್ಟು ಕಟ್ಟಿಗೆಯ ಹುಟ್ಟು ಹಿಡಿದು ನೀರು ಕಲಕುತ್ತ ಕೂತಿರುತ್ತಿದ್ದೆ. ಒಂದು ಸಲ ಕೈಗೆ ಸಿಕ್ಕಿದ್ದು ಮಜ್ಜಿಗೆಯ ಕಡಗೋಲು. ಅದಕ್ಕಾಗಿ ನಾನು ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಇದರ ನಡುವೆ ವಾಸನೆ. ಸಮುದ್ರದ ನೀರಿಗೆ ಮೀನಿನ ವಾಸನೆ ಇರುತ್ತದೆ, ಮೀನು ಇರಲಿ ಬಿಡಲಿ. ನಮ್ಮದು ಲಿಂಗ ಕಟ್ಟಿದವರ ಮನೆ, ಮೀನೆಂದರೆ ಹೆಸರೆತ್ತಬಾರದು. ಲಾರಿ ಗೋವಾಕ್ಕೆ ಹೋಗುವುದು ಓಣಿಗೆಲ್ಲ ಗೊತ್ತು. ಇವರ ಮನೆಯಲ್ಲಿ ಮೀನು ಸಾಕುತ್ತಿದ್ದಾರೆ ಎಂದು ಒಬ್ಬರು, ಬರೀ ಸಾಕುತ್ತಾರೋ ಮತ್ತೇನೋ ಎಂದು ಇನ್ನೊಬ್ಬರು. ಅತ್ತೆ ಬಂದ ಬಂದವರನ್ನು ಕೈ ಹಿಡಿದು ಪಡಸಾಲೆಗೆ ಕರೆದೊಯ್ದು, ನೋಡ್ರಿ, ಮೀನಿಲ್ಲ, ಹಾವಸಿ ಐತಿ ಎಂದು ತೋರಿಸುತ್ತಿದ್ದರು. ಬಂದವರು ಸುಮ್ಮನೆ ನೋಡಿ, ಅತ್ತೆಯ ಮುಖವನ್ನೂ ನೋಡಿ ಹೋಗುತ್ತಿದ್ದರು. ಹಾವಸಿ ಬೆಳೆಸಲು ಸೊಸೆಯನ್ನು ಕಾಲೇಜಿಗೆ ಕಳಿಸುತ್ತಾರೆ ಎಂಬ ಹೊಸ ಸುದ್ದಿ ಹುಟ್ಟಿದ್ದು ಹಾಗೆ.

ಎರಡನೆಯ ಕಲ್ಲು ಬಂತು, ಎರಡನೆಯ ಸಲ ಕ್ಯಾನು ಬಂದವು. ನಮ್ಮ ಮನೆಯವರಿಗೆ ಬೇಜಾರಾಗತೊಡಗಿತ್ತು. ಸಮುದ್ರದ ದಂಡೆಯಲ್ಲಿ ಬಂಡೆ ಹತ್ತಿ ಪಾಚಿ ಕೆರೆಯುವ ಲಾರಿ ಚಾಲಕನನ್ನು ನೋಡಿ ಅಲ್ಲಿಯ ಮಂದಿ ನಗುತ್ತಿದ್ದರಂತೆ. ಈ ಸಲ ನಾನು ಇನ್ನೂ ಶ್ರದ್ಧೆಯಿಂದ ದಿನಕ್ಕೆ ಎರಡು ಹೊತ್ತು ತಾಜಾ ನೀರು ಹಾಕಿದೆ. ಹೋದ ಸಲಕ್ಕಿಂತ ಬೇಗ ಸತ್ತಿತು. ಬೇಕಾದ ಪಾಚಿಗೆ ನಾನು ಕೈ ಮುಗಿದು ಬೇಡುವುದು, ಬೇಡದ ಪಾಚಿ ಹೇಳದೆ ಕೇಳದೆ ಬಂದು ಗಾದಿ ಹಾಸಿಕೊಂಡು ಕೂರುವುದು. ಒಂದು ಮುಂಜಾನೆ ಗಾಜು ಒರೆಸುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತರು. ದೋಣಿ ತಿಕ್ಕುವ ತೆಂಗಿನ ನಾರನ್ನು ನನ್ನ ಪಕ್ಕಕ್ಕೆ ಇಟ್ಟು ಹೋದರು. ಅವತ್ತು ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಪರೀಕ್ಷೆ ಹತ್ತಿರ ಬಂತು. ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಸರ್ ಬಳಿ ಹೋದೆ. ಅವರು ಉಪ್ಪು ಅಳೆಯುವ ಗಾಜಿನ ಕೊಳವೆಯೊಂದನ್ನು ಅದರಲ್ಲಿ ತೇಲಿಬಿಟ್ಟು, ಕನ್ನಡಕ ಸರಿಸಿ ನೋಡಿದರು.

"ಸಮುದ್ರಕ್ಕಿಂತ ಉಪ್ಪಾಗೇತಲ್ಲವಾ. ಉಪ್ಪು ಹಾಕೀಯೇನು?"

"ಒಂದ ಹಳ್ಳೂ ಹಾಕಿಲ್ರಿ ಸರ್."

"ಮತ್ತೇನ ಹಾಕ್ತಿ?"

"ನೀವ ಹೇಳಿದ್ದರಿ. ಫ್ರೆಶ್ ನೀರು. ಜಗ್ಗಿದ್ದು ಜಗ್ಗಿದಂಗ ಹಾಕ್ತೇನ್ರಿ."

"ಜಗ್ಗಿದ್ದು? ಎಲ್ಲಿಂದ?"

"ನಮ್ಮ ಹಿತ್ತಲ ಬಾವಿಯಿಂದರಿ. ಸವಳು ಬಾವಿ."

ಸರ್ ಕೊಳವೆಯನ್ನು ಕೆಳಗಿಟ್ಟರು. ನಗಬಾರದೆಂದು ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಆದರೂ ಭುಜ ಕುಣಿಯುತ್ತಿತ್ತು. ಆಮೇಲೆ ನನ್ನನ್ನು ಕೂರಿಸಿ ಹೇಳಿದರು. ಫ್ರೆಶ್ ವಾಟರ್ ಎಂದರೆ ತಾಜಾ ನೀರಲ್ಲ, ಸಿಹಿನೀರು. ಆರಿ ಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲೆ ನೀನು ಸವಳು ಸುರಿದರೆ ಉಪ್ಪಿಗೆ ಉಪ್ಪು ಕೂಡುತ್ತ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬಾವಿಗೆ ಹೊಲದ ಗೊಬ್ಬರ, ಬಚ್ಚಲ ನೀರು ಎಲ್ಲ ಇಳಿದಿರುತ್ತದೆ. ಬೇಡದ ಪಾಚಿಗೆ ಅದು ಹೋಳಿಗೆ ತುಪ್ಪ. ನೀನು ದಿನಾ ಎರಡು ಹೊತ್ತು ಅದಕ್ಕೆ ಊಟಕ್ಕೆ ಬಡಿಸಿದ್ದೀ.

ಸಿಹಿನೀರು. ಆ ಒಂದು ಕನ್ನಡದ ಪದವನ್ನು ಮೊದಲ ದಿನವೇ ಹೇಳಿದ್ದರೆ ಎರಡು ಕಲ್ಲಿನ ಜೀವ ಉಳಿಯುತ್ತಿತ್ತು. ಆ ಕಾಲೇಜಿನ ಹುಡುಗರು, ಹುಡುಗಿಯರು, ಸರ್, ಎಲ್ಲರ ಮನೆಯಲ್ಲೂ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದ ಅದು. ಗೇಟಿನೊಳಗೆ ಬಂದ ಕೂಡಲೇ ಅದನ್ನು ಯಾರೂ ಆಡುವುದಿಲ್ಲ. ನಾನು ತಪ್ಪು ಕೇಳಿಸಿಕೊಂಡಿರಲಿಲ್ಲ, ಸರ್ ತಪ್ಪು ಹೇಳಿರಲಿಲ್ಲ. ಹಾಗಾಗಿ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಮನೆಗೆ ಬಂದೆ.

ಕಾರಣ ಸಿಕ್ಕಿತು, ಆದರೆ ಸಿಹಿನೀರು ನನ್ನ ಕೈಯಲ್ಲಿರಲಿಲ್ಲ. ಅದು ಅತ್ತೆಯ ಕೈಯಲ್ಲಿತ್ತು. ಅವರ ತವರು ರಾಮದುರ್ಗದ ಕಡೆಯ ಊರು. ಕುಡಿಯುವ ನೀರಿಗೆ ಸಣ್ಣಂದಿನಿಂದ ದೂರ ನಡೆದವರು. ಅಡುಗೆಮನೆಯ ತಾಮ್ರದ ಕೊಡಕ್ಕೆ ಅವರಲ್ಲದೆ ಬೇರೆಯವರು ಚರಿಗೆ ಅದ್ದುವಂತಿರಲಿಲ್ಲ. ಕೇಳಿದೆ. ನಿರೀಕ್ಷೆಯಂತೆಯೇ ಆಯಿತು. ಮನುಷ್ಯರಿಗೆ ಸಾಲದ ನೀರನ್ನು ಹಾವಸಿಗೆ ಹಾಕಬೇಕೇ, ಅದು ಸಮುದ್ರದಲ್ಲಿದ್ದಾಗ ಯಾರು ನಳ ಬಿಡುತ್ತಿದ್ದರು, ಎಂದರು. ಎರಡು ದಿನ ನಾನು ಕುಡಿಯುವ ನೀರು ಉಳಿಸಿ ಹಾಕಲು ನೋಡಿದೆ. ಆ ವರ್ಷದ ಸೆಕೆಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಅಷ್ಟರಲ್ಲಿ ಹೊಸ ನೀರಿನ ಕ್ಯಾನುಗಳ ಜೊತೆ ಮೂರನೆಯ ಕಲ್ಲು ಬಂದಿತ್ತು. ಇನ್ನೊಮ್ಮೆ ತರುವುದಿಲ್ಲ ಎಂದು ನಮ್ಮ ಮನೆಯವರು ಹೇಳಿ ಇಟ್ಟಿದ್ದರು.

ಕೊನೆಗೆ ಅತ್ತೆಯ ಎದುರು ನೇರವಾಗಿ ಹೋಗಿ ನಿಂತೆ. ಅವರು ಜೋಳ ಹಸನು ಮಾಡುತ್ತಿದ್ದರು. ಈ ಕಲ್ಲು ಸತ್ತರೆ ನಾನು ನಪಾಸು, ನೀವು ಹೇಳಿದಂತೆ ಪುಸ್ತಕ ನಾನೇ ಕಟ್ಟಿ ಇಡುತ್ತೇನೆ, ಬೇರೆ ಏನೂ ಕೇಳುವುದಿಲ್ಲ ಎಂದೆ. ಯಾಕೆ ನಪಾಸಾಯಿತು ಎಂದು ಅಪ್ಪ ಕೇಳಿದರೆ ಏನು ಹೇಳಲಿ ಅದನ್ನಷ್ಟು ಹೇಳಿಕೊಡಿರಿ ಎಂದೆ.

ಅವರು ಕೇರುವುದನ್ನು ನಿಲ್ಲಿಸಿ ಮೊರವನ್ನು ಕೆಳಗಿಟ್ಟರು.

"ನೀರ ಕೊಡಲಿಲ್ಲ ಅಂತ ಹೇಳ್ತಿ," ಎಂದರು. "ಬೀಗರ ಮುಂದ ಆ ಹೆಸರು ಬರಬಾರದು ನಮ್ಮ ಮನಿಗೆ. ಆದ್ರ ನೀ ಕೊಡ ಮುಟ್ಟಬ್ಯಾಡ. ನಾ ಹಾಕತೇನಿ. ನಿನ್ನ ಕೈ ಭಾಳ ಉದಾರ ಐತಿ."

ಮರುದಿನದಿಂದ ಅತ್ತೆ ತಾವೇ ಚರಿಗೆ ಹಿಡಿದು ಬರುತ್ತಿದ್ದರು. ಗಾಜಿನ ಮೇಲೆ ನಾನು ಎಳೆದ ಗೆರೆಯ ತನಕ, ಮಗುವಿಗೆ ಔಷಧಿ ಹಾಕಿದ ಹಾಗೆ, ಬೈಯುತ್ತ ಬೈಯುತ್ತ ಸುರಿಯುತ್ತಿದ್ದರು. ಕುಡಿ, ನಮ್ಮ ಪಾಲಿಂದ ಕುಡಿ. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಬೈಗುಳ ಬಿಡಲಿಲ್ಲ.

ಎಲೆ ಬಿಳಿಚಲಿಲ್ಲ. ಅಂಚಿನಲ್ಲಿ ಹೊಸ ಎಸಳು ಬಂತು. ಕಲ್ಲಿನ ಬೋಳು ಜಾಗದಲ್ಲಿ ಸೂಜಿಮೊನೆಯಷ್ಟು ಹಸಿರು ಎದ್ದಿತು. ನಾನು ಯಾರಿಗೂ ಹೇಳಲಿಲ್ಲ, ಹೇಳಿದರೆ ಹೋದೀತೆಂದು. ಹೇಳದಿದ್ದರೂ ತೊಂದರೆ ಬಿಡಲಿಲ್ಲ. ಯುಗಾದಿಯ ಹೊತ್ತಿನ ಬಿಸಿಲಿಗೆ ಪಾಚಿ ಕೈ ಮೀರಿ ಬೆಳೆಯಿತು. ಎಲೆಯ ನಡುವೆ ಕೂದಲಿನಂತಹ ಇನ್ನೊಂದು ಜಾತಿ ನುಗ್ಗಿ ಎಲ್ಲವನ್ನೂ ಸುತ್ತಿಕೊಂಡಿತು. ಇಷ್ಟು ದಿನ ಬಾ ಎಂದು ಗೋಗರೆದವಳು ಈಗ ಸಾಕು ನಿಲ್ಲು ಎಂದು ಗೋಗರೆಯಬೇಕಾಯಿತು. ಬೆಳಕು ಕಡಿಮೆ ಮಾಡಿದೆ. ಹೆಚ್ಚಾದ ಎಲೆಯನ್ನು ಕತ್ತರಿಯಿಂದ ಕತ್ತರಿಸಿದೆ. ಕೂದಲು ಪಾಚಿಯನ್ನು ಜೋಳದ ದಂಟಿನ ಸೀಳಿಗೆ ಸುತ್ತಿ ಸುತ್ತಿ, ಹಸಿ ಶಾವಿಗೆ ಎತ್ತಿದ ಹಾಗೆ, ಮೆಲ್ಲಗೆ ಎಳೆದು ತೆಗೆದೆ. ಜೋರಾಗಿ ಎಳೆದರೆ ಒಳ್ಳೆಯದೂ ಕಿತ್ತು ಬರುತ್ತಿತ್ತು. ಈ ಸಲದ ಹುಳುಗಳು ಬದುಕಿದ್ದವು. ಗಾಜಿನ ಮೇಲೆ ಅವು ಮೇಯ್ದ ದಾರಿ, ಎತ್ತು ಹೂಡಿ ಗಳೆ ಹೊಡೆದ ಸಾಲಿನಂತೆ ಸ್ವಚ್ಛವಾಗಿ ಕಾಣುತ್ತಿತ್ತು. ಬೆನ್ನು ನೋವು, ಕೈಯೆಲ್ಲ ವಾಸನೆ, ಓದಬೇಕಾದ ಮೂರು ಪತ್ರಿಕೆ ಹಾಗೇ ಉಳಿದಿದ್ದವು.

ಪರೀಕ್ಷೆಯ ದಿನ ಕಲ್ಲನ್ನು ಅದರ ನೀರಿನ ಸಮೇತ ಹಾಲಿನ ಕ್ಯಾನಿನಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು ಟೆಂಪೋದಲ್ಲಿ ಹೋದೆ. ಲ್ಯಾಬಿನ ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ ಅದು ಹಸಿರಾಗಿ ಅಲುಗುತ್ತ ನಿಂತಿತು. ಹೊರಗಿನಿಂದ ಬಂದ ಪರೀಕ್ಷಕರು ಅದರ ಮುಂದೆ ನಿಂತದ್ದು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು. ಎಲ್ಲಿಂದ ತಂದಿರಿ ಎಂದು ಕೇಳಿದರು, ಹೇಳಿದೆ. ನೀರು ಆರಿದರೆ ಏನು ಹಾಕುತ್ತಿದ್ದಿರಿ ಎಂದು ಕೇಳಿದರು.

"ಸಿಹಿನೀರು ರೀ ಸರ್."

"ಫ್ರೆಶ್ ವಾಟರ್ ಅನ್ರಿ."

"ಹೌದ್ರಿ. ಸಿಹಿನೀರು."

ಅವರು ನನ್ನನ್ನೊಮ್ಮೆ ನೋಡಿ ಅಂಕ ಹಾಕಿ ಮುಂದಿನ ಮೇಜಿಗೆ ಹೋದರು. ಹಗಲೆಲ್ಲ ಕಾದು, ಕಲಕಿ, ಬೇಡಿ, ಬೈಸಿಕೊಂಡು ಬೆಳೆಸಿದ್ದನ್ನು ಅವರು ಸರಿಯಾಗಿ ನೋಡಲೂ ಇಲ್ಲ. ಎಲೆಯ ಮೇಲೆ ಹುಳುವೊಂದು ಹತ್ತುತ್ತಿತ್ತು. ಅದನ್ನಾದರೂ ತೋರಿಸಬೇಕೆಂದು ಬಾಯಿ ತೆರೆದೆ, ಅವರು ಆಗಲೇ ಹತ್ತಿ ಗಿಡದ ಮುಂದಿದ್ದರು.

ಪಾಸಾದೆ. ದರ್ಜೆ ದೊಡ್ಡದಲ್ಲ, ಆದರೆ ಯಾವ ಪತ್ರಿಕೆಯೂ ಉಳಿಯಲಿಲ್ಲ. ಪದವಿಯ ಸರ್ಟಿಫಿಕೇಟು ಕಾಲೇಜಿಗೆ ಬರಲು ಮತ್ತೊಂದು ಮಳೆಗಾಲ ಹಿಡಿಯಿತು. ನಾಲ್ಕು ಸಲ ಹೋಗಿ, ಇನ್ನೂ ಬಂದಿಲ್ಲ ಎಂದು ಕೇಳಿ ತಿರುಗಿ ಬಂದಿದ್ದೆ. ಕೊನೆಯ ಸಲ ಸಂತೆಯ ದಿನ ಅತ್ತೆಯೂ ಜೊತೆಗಿದ್ದರು. ಹೋಗಿ ನೋಡೇ ಬರೋಣ ನಡಿ ಎಂದು ಕಾಯಿಪಲ್ಯೆಯ ಚೀಲ ಹಿಡಿದುಕೊಂಡೇ ಆಫೀಸಿನ ಕಿಟಕಿಯ ತನಕ ಬಂದರು. ಗುಮಾಸ್ತರು ನನ್ನ ಸಹಿ ಹಾಕಿಸಿಕೊಂಡು ದಪ್ಪ ಕಾಗದವೊಂದನ್ನು ಕಿಟಕಿಯಿಂದ ಹೊರಗೆ ಚಾಚಿದರು. ಅದರಲ್ಲಿ ನನ್ನ ಹೆಸರಿತ್ತು. ಓದಿದೆ, ಮತ್ತೊಮ್ಮೆ ಓದಿದೆ.

ಅತ್ತೆ ಚೀಲ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಇಸಿದುಕೊಂಡರು. ಓದಲು ಬಾರದವರು. ಮುಂದೆ ನೋಡಿದರು, ತಿರುವಿ ಹಿಂದೆ ನೋಡಿದರು, ಬೆಳಕಿಗೂ ಹಿಡಿದು ನೋಡಿದರು. ಆಮೇಲೆ ಗುಮಾಸ್ತರಿಗೆ ಕೇಳದಂತೆ ನನ್ನ ಕಿವಿಯ ಹತ್ತಿರ ಬಂದರು.

"ನಿನ್ನ ಫೋಟೋನ ಇಲ್ಲಲ್ಲವಾ ಇದರಾಗ. ನಾಳಿ ಯಾರರ ಬಂದು ಇದು ನಂದ ಅಂದ್ರ ಏನ ಮಾಡ್ತಿ? ಲಗೂನ ಚೀಲದಾಗ ಹಾಕ, ನಡಿ ಮನಿಗೆ."